ಹಂಚಿನ ಮ್ಯಾಲಿನ ಮಣ್ಣು

ಡಬ್ಬಿ ಏನೂ ದೊಡ್ಡದಲ್ಲ.
ಶ್ರೀಖಂಡ ಬಂದಿದ್ದ ಪ್ಲಾಸ್ಟಿಕ್ಕಿನ ಡಬ್ಬಿ,
ಒಳಗ ಒಡೆದ ಮೊಬೈಲಿನ ಬ್ಯಾಟರಿ, ಒಂದು ಸಿಮ್ಮು,
ಹೊರಗ ಬಾಲದಂಗ ವಾಯರು,
ವಾಯರಿನ ತುದಿಗೆ ಬೆರಳಗಲದ ಕರೀ ಪಟ್ಟಿ.
ಅಂಚಿನಿಂದ ನೀರು ಹೊಗತದ ಅಂತ
ತಂಗಿಯ ಕೆಂಪು ನೇಲ್ ಪಾಲಿಶ್ ಬಳದಿದ್ದೆ.
ಒಟ್ಟು ಖರ್ಚು ಏಳು ನೂರಾ ನಲವತ್ತು.
ಇಂಡಿ ಸ್ಟ್ಯಾಂಡಿನ ಎದುರು ನನ್ನ ರಿಪೇರಿ ಅಂಗಡ್ಯಾಗ
ಒಂದು ಗಾಜು ಹಾಕಿಸಲಿಕ್ಕೆ ಇದಕ್ಕಿಂತ ಹೆಚ್ಚು ಕೊಡತಾರ.

ಸುಂದ್ರಾಬಾಯಿ ಅಂಗೈಯಾಗ ಇಟಗೊಂಡು ತೂಗಿ ನೋಡಿದಳು.
‘ಉಗುರಿಗೆ ಬಣ್ಣ ಹಚಗೊಂಡು
ಮಣ್ಣಾಗ ಇಳಿಯಾಕಿ, ಈಕಿ ಯಾರೋ ದಸ್ತಗೀರ?’

ಹೊಲ ಎರಡು ತುಂಡು.
ಮ್ಯಾಲಿಂದು ಮಡ್ಡಿ, ಕೆಳಗಿಂದು ಎರಿ,
ನಡುವ ಬದು, ಬದುವಿನ ಮ್ಯಾಲ ಬಾರಿಕಂಟಿ.
ನೂರಾ ಎಂಬತ್ತು ಲಿಂಬಿಗಿಡ.
ಎರಡೂ ಕಡೆ ಒಂದೊಂದು ಪಟ್ಟಿ ಹುಗದು ಬಂದೆ.
ಸಂಜಿಗೆ ಫೋನಿನ್ಯಾಗ ಎರಡರದೂ ಒಂದ ಮಾತು:
ಇಪ್ಪತ್ತು. ಇಪ್ಪತ್ತು.

ಆಕಿ ನಕ್ಕಳು.
‘ಮಡ್ಯಾಗ ಇಪ್ಪತ್ತು ಅಂದ್ರ ಗಿಡ ಉಂಡು ತೇಗ್ಯದ,
ಎರಿಯಾಗ ಇಪ್ಪತ್ತು ಅಂದ್ರ ಗಂಟಲ ಆರ್ಯದ.
ಎರಿ ನೀರ ಇಟಗೋತದ, ಕೊಡೂದಿಲ್ಲ,
ನಮ್ಮ ಭಾವನಂಗ.
ನಿನ್ನ ಡಬ್ಬಿಗೆ ಇಟ್ಟದ್ದು ಗೊತ್ತಾಗತದ,
ಕೊಟ್ಟದ್ದು ಗೊತ್ತಾಗೂದಿಲ್ಲ.’

ಮರುದಿನ ಹ್ವಾದಾಗ ರೊಟ್ಟಿ ಬೇಯಿಸಿದ ಒಲಿ ಇನ್ನೂ ಆರಿರಲಿಲ್ಲ.
ಹಂಚಿನ ಮ್ಯಾಲ ಎರಿಮಣ್ಣು ಹರವಿ
ಕಟ್ಟಿಗಿ ಸೌಟಿಲೆ ಹುರದಳು, ಶೇಂಗಾ ಹುರದಂಗ.
ಮೊದಲ ಮಳಿಯ ವಾಸನಿ ಬಂತು,
ಆಮ್ಯಾಲ ಬ್ಯಾರೆ ಏನೋ, ಹಳೀ ಕಬ್ಬಿಣ, ಹೊತ್ತಿದ ಜ್ವಾಳ.
ಪತ್ತಾರನ ಕಡೆಯಿಂದ ಇಸಗೊಂಡು ತಂದ ಸಣ್ಣ ತಕ್ಕಡಿ.
ಒಣಮಣ್ಣು ನೂರು ಗ್ರಾಂ. ಒಂದು ಚಮಚ ನೀರು.
ಪಟ್ಟಿ ಹುಗಿ. ಬರಿ.
ಇನ್ನೊಂದು ಚಮಚ. ಬರಿ.
ಮೊಮ್ಮಗಳ ಗಣಿತದ ವಹಿಯ ಕಡೀ ಹಾಳಿ ತುಂಬಿತು.
ಮಡ್ಡಿಗೆ ಒಂದು ಗೆರಿ, ಎರಿಗೆ ಒಂದು ಗೆರಿ,
ಎರಡೂ ಎಲ್ಲೂ ಕೂಡಲಿಲ್ಲ.

ಮಧ್ಯಾಹ್ನದ ರೊಟ್ಟಿ ಅದ ಹಂಚಿನ ಮ್ಯಾಲ.
ತೊಳದಿದ್ದಳು. ಆದರೂ ಹಲ್ಲಿಗೆ ಒಂದೊಂದು ಹರಳು.
ನಾ ಏನೂ ಅನಲಿಲ್ಲ.

ಡಿಸೆಂಬರಿನ್ಯಾಗ ಎರಿ ಬಾಯಿ ಬಿಟ್ಟಿತು.
ಪಟ್ಟಿ ಬಿರುಕಿನ್ಯಾಗ ಜೋತು
ಗಾಳಿ ಅಳದು ಸೊನ್ನಿ ಅಂತು.
ರಾಡಿ ಕಲಸಿ ಮೆತ್ತಿ ಬಂದೆ, ಎರಡು ಸಲ.

ನೀರು ಆಕಿನ ಬಂದ್ ಮಾಡಿದ್ದಳು, ಬೇಕಂತ.
ಬಹಾರ ಹಿಡೀಬೇಕಂದ್ರ ಲಿಂಬಿಗೆ ನೀರಡಿಸಬೇಕು,
ಸಾವು ಬಂತು ಅನ್ನೂವಷ್ಟು, ಬರದಷ್ಟು.
ಡಬ್ಬಿಗೆ ಇದನ್ನ ನಾ ಹೇಳಿರಲಿಲ್ಲ.
ರಾತ್ರಿ ಎರಡಕ್ಕ ಆಕಿ ಫೋನು ಟಣ್ ಅಂತಿತ್ತು:
ಮಣ್ಣು ಒಣಗಿದೆ. ನೀರು ಬಿಡಿ.
ನಾಲ್ಕಕ್ಕ ಮತ್ತ:
ಮಣ್ಣು ಒಣಗಿದೆ. ನೀರು ಬಿಡಿ.
‘ಕೂಸು ಅತ್ರ ಎತಗೋಬಹುದು. ಇದನ್ನೇನ ಮಾಡ್ಲಿ?’
ಬಾಯಿ ಮುಚ್ಚಸ್ಲೇನು ಅಂದೆ.
‘ಬ್ಯಾಡ. ಅಳಲಿ.
ಎಷ್ಟು ಅಳತದ ಅಂತ ನನಗ ಬೇಕಾಗ್ಯದ.’

ಮೂವತ್ತೊಂದನೇ ದಿನ, ಅಂಗಡಿ ಶಟರ್ ಎತ್ತೂ ಮೊದಲ ಫೋನು.
‘ಎಲಿ ದೋಣಿಯಂಗ ಮಡಚ್ಯಾವ. ಈಗೆಷ್ಟಂತದ?’
ಎರಿಯಾಗ ಹದಿನೇಳು, ಮಡ್ಯಾಗ ಏಳು.
ಪಂಪಿನ ಮನಿ ಗ್ವಾಡಿಗೆ ಇದ್ದಲಿಲೆ ಬರದಳಂತ,
ಹಾಲಿನ ಲೆಕ್ಕದ ಕೆಳಗ,
ಸೊಸಿಯ ಹೆರಿಗಿ ತಾರೀಖಿನ ಬಾಜೂಕ.
ಬರದಾದ ಮ್ಯಾಲ ವಾಲ್ವ್ ತಿರುವಿದಳು.

ಮಡ್ಡಿಯ ವಾಯರು ಈಗ ಅಳಿಲು ಕಡದದ.
ಎರಿಯ ಡಬ್ಬಿ ಇನ್ನೂ ಇದ್ದದ, ಮುಚ್ಚಳ ಬಿಸಿಲಿಗೆ ಬೆಳ್ಳಗಾಗ್ಯದ.
ಮೊನ್ನಿ ಸಂತಿಗೆ ಬಂದಾಕಿ ಅರ್ಧ ಚೀಲ ಲಿಂಬಿ ಇಟ್ಟು ಅಂದಳು:
‘ಅದಕ್ಕ ನಮ್ಮ ಮಾತು ಕಲಸು.
ನೀರು ಬಿಡಿ ಅನ್ನಾಕ ಅದ್ಯಾರು?
ಒಣಗೀನಿ, ಏನ ಮಾಡ್ತಿ ನೋಡವ್ವ, ಅನ್ನಲಿ.’

ಕನ್ನಡದ ಮೆಸೇಜಿಗೆ ಎಪ್ಪತ್ತು ಅಕ್ಷರದ ಜಾಗ.
ಹಿಡಸತದ.
‘ಒಣಗೀನಿ’ ಬರದು
ಅದರ ಮುಂದ ಅಂಕಿ ಹಾಕಬೇಕೋ ಬ್ಯಾಡೋ ಅಂತ ಕುಂತೀನಿ.